ಓದುಗನಿಗೆ ಬೇಡದ ಸಾಲು

ದಿನಪತ್ರಿಕೆಯ ಸುದ್ದಿಮನೆಯಲ್ಲಿದ್ದಷ್ಟು ಕಾಲ ನನ್ನ ಕೆಲಸವೇನೆಂದು ಯಾರಾದರೂ ಕೇಳಿದರೆ ಒಂದೇ ಮಾತಿನಲ್ಲಿ ಹೇಳುತ್ತಿದ್ದೆ: ಬೇರೆಯವರು ಬರೆದದ್ದನ್ನು ಕಡಿಮೆ ಮಾಡುವುದು. ಅಲ್ಲಿಂದ ನಿವೃತ್ತನಾದ ಮೇಲೆ ಇಂದಿರಾನಗರದ ಸಣ್ಣ ಧ್ವನಿ ಸಂಸ್ಥೆಯೊಂದರಲ್ಲಿ ಕೆಲವು ವರ್ಷ ಇದ್ದೆ. ಅಲ್ಲಿ ಮಾಡಿದ್ದೇನೆಂದು ಕೇಳಿದರೆ ಮಾತ್ರ ಇವತ್ತಿಗೂ ನೆಟ್ಟಗೆ ಹೇಳಲು ಬರುವುದಿಲ್ಲ. ಚಂದಾದಾರರಿಗೆ ಪಾಡ್‌ಕಾಸ್ಟ್ ತಲುಪಿಸುತ್ತಿದ್ದೆ ಎಂದರೆ ಹೊರಮಾವಿನ ನನ್ನ ನೆರೆಯವರು, "ಓ, ಪೇಪರ್ ಹಾಕೋ ಥರಾನಾ?" ಅನ್ನುತ್ತಿದ್ದರು. ಹೌದು ಎಂದರೂ ಸುಳ್ಳಾಗುತ್ತಿತ್ತು, ಅಲ್ಲ ಎಂದರೂ ಸುಳ್ಳಾಗುತ್ತಿತ್ತು.

ಆ ಕೆಲಸವನ್ನೂ ಬಿಟ್ಟಾಗಿದೆ. ಅದಕ್ಕೆ ಹೊಸದಾಗಿ ಸೇರಿದವರು ಆಗಾಗ ಫೋನ್ ಮಾಡಿ, ಏನು ನೆನಪಿಟ್ಟುಕೊಳ್ಳಬೇಕು ಎಂದು ಕೇಳುತ್ತಾರೆ. ಸಲಹೆ ಕೊಡುವಷ್ಟು ಸ್ಪಷ್ಟತೆ ನನ್ನಲ್ಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದಿಡಬಲ್ಲೆ. ಕಣ್ಣಾರೆ ಕಂಡದ್ದನ್ನು ಕಂಡೆನೆಂದೂ ಇನ್ನೊಬ್ಬರಿಂದ ಕೇಳಿದ್ದನ್ನು ಕೇಳಿದೆನೆಂದೂ ಬೇರೆ ಮಾಡಿಯೇ ಬರೆಯುತ್ತೇನೆ.

ನಮ್ಮ ಕಚೇರಿ ಇದ್ದದ್ದು ಒಳರಸ್ತೆಯ ಹಳೆಯ ಮನೆಯೊಂದರ ಮೊದಲ ಮಹಡಿಯಲ್ಲಿ. ಕೆಳಗೆ ನಾಯಿಗಳಿಗೆ ಸ್ನಾನ ಮಾಡಿಸಿ ಕೂದಲು ಕತ್ತರಿಸುವ ಅಂಗಡಿ. ಅವು ಬೊಗಳದ ದಿನವೆಂದರೆ ಆ ಅಂಗಡಿಯ ವಾರದ ರಜೆ ಮಂಗಳವಾರ. ನಮ್ಮ ಧ್ವನಿಮುದ್ರಣವೆಲ್ಲ ಅವತ್ತೇ. ಸಂಸ್ಥೆ ನಡೆಸುತ್ತಿದ್ದವರು ಅನಿತಾ. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವರು, ಕಚೇರಿಯಲ್ಲಿ ನನ್ನ ಮೇಲಧಿಕಾರಿ. ತಾಂತ್ರಿಕ ಕೆಲಸವೆಲ್ಲ ಶಿವಾಜಿನಗರದ ಇರ್ಫಾನ್ ಅವರದು. ಸಂಚಿಕೆಗಳ ವಿವರಣೆ ಬರೆಯುವುದು ಮತ್ತು ಚಂದಾದಾರರ ಜೊತೆ ಮಾತನಾಡುವುದು ನನ್ನದು.

ಪ್ರತಿ ವಾರ ಒಂದು ಸಂಚಿಕೆ. ದುಡಿಯುವ ಜನ ತಮ್ಮ ಕೆಲಸದ ಬಗ್ಗೆ ತಾವೇ ಮಾತನಾಡುತ್ತಾರೆ. ಚಂದಾ ಕೊಟ್ಟವರಿಗೆ ಮಾತ್ರ ಅದು ಕೇಳುತ್ತದೆ. ಆದರೆ ಕೇಳುವ ಆ್ಯಪ್ ನಮ್ಮದಲ್ಲ. ಫೋನ್‌ನಲ್ಲಿ ಅವರಿಗಿಷ್ಟವಾದ ಯಾವುದೋ ಒಂದು. ನಾವು ಕೊಡುತ್ತಿದ್ದುದು ಒಂದು ಉದ್ದನೆಯ ಲಿಂಕ್. ಅದನ್ನು ಆ್ಯಪ್‌ಗೆ ಅಂಟಿಸಿದರೆ ಆ್ಯಪ್ ಆಗಾಗ ನಮ್ಮ ಸರ್ವರ್‌ಗೆ ಬಂದು, ಹೊಸ ಸಂಚಿಕೆ ಇದೆಯೇ ಎಂದು ಒಂದು ಪಟ್ಟಿಯನ್ನು ನೋಡಿ, ಇದ್ದರೆ ಎತ್ತಿಕೊಂಡು ಹೋಗುತ್ತದೆ. ಆ ಪಟ್ಟಿಯ ಹೆಸರು ಫೀಡ್. ಉಚಿತ ಪಾಡ್‌ಕಾಸ್ಟ್‌ಗಾದರೆ ಎಲ್ಲರಿಗೂ ಸೇರಿ ಒಂದೇ ಫೀಡ್. ನಮ್ಮಲ್ಲಿ ಒಬ್ಬೊಬ್ಬರಿಗೂ ಪ್ರತ್ಯೇಕ. ಲಿಂಕಿನ ಬಾಲದಲ್ಲಿರುವ ಅಕ್ಷರ ಮತ್ತು ಅಂಕಿಗಳ ಗೋಜಲೇ ಆ ಚಂದಾದಾರರ ಕೀಲಿ.

ಸೇರಿದ ವಾರ ಇದನ್ನು ನನಗೆ ತಿಳಿಸಲು ಇರ್ಫಾನ್ ತಮ್ಮ ತಂದೆಯ ಹಣ್ಣಿನ ಅಂಗಡಿಯನ್ನು ಬಳಸಿಕೊಂಡರು. ಅದು ರಸೆಲ್ ಮಾರುಕಟ್ಟೆಯಲ್ಲಿದೆ.

"ಅಬ್ಬಾ ಖಾಯಂ ಗಿರಾಕಿಗಳಿಗೆ ಬೇರೆ ಬೇರೆ ಚೀಲ ಕಟ್ಟಿ ಒಳಗಡೆ ಇಡ್ತಾರೆ ಸರ್. ಯಾರು ಬಂದು ಚೀಲದ ಗುರುತು ಕರೆಕ್ಟಾಗಿ ಹೇಳ್ತಾರೋ ಅವರಿಗೆ ಕೊಟ್ಬಿಡ್ತಾರೆ. ನಮ್ದೂ ಅಷ್ಟೇ. ಫರಕ್ ಏನಂದ್ರೆ, ಅಬ್ಬಾ ಮುಖ ನೋಡ್ತಾರೆ. ನಮ್ಮ ಸರ್ವರ್ ನೋಡಲ್ಲ."

"ಮುಖ ನೋಡ್ದೆ ಹೇಗ್ರೀ ಕೊಡೋದು?"

"ಅದೇ ಸರ್ ಪ್ರಾಬ್ಲಂ," ಎಂದು ಅವರು ನಕ್ಕರು. "ಅದಕ್ಕೇ ನಮ್ಗೆಲ್ಲಾ ಕೆಲಸ ಇರೋದು."

ನನಗೆ ಅರ್ಥವಾಯಿತು ಎಂದುಕೊಂಡೆ. ಅರ್ಥವಾಗಿರಲಿಲ್ಲ ಎಂಬುದು ಬೆನ್ಸನ್ ಟೌನಿನ ಶ್ರೀಕಂಠಯ್ಯನವರ ಪ್ರಕರಣದಲ್ಲಿ ಗೊತ್ತಾಯಿತು. ಅವರು ನಿವೃತ್ತ ವಿಮಾ ಅಧಿಕಾರಿ, ನಮ್ಮ ಮೊದಮೊದಲ ಚಂದಾದಾರರಲ್ಲಿ ಒಬ್ಬರು, ಪ್ರತಿ ಸಂಚಿಕೆಯನ್ನೂ ಕೇಳಿ ಉಚ್ಚಾರದ ತಪ್ಪುಗಳನ್ನು ಪಟ್ಟಿ ಮಾಡಿ ಕಳಿಸುವವರು. ಒಂದೇ ಕೀಲಿಯನ್ನು ಹಲವರು ಬಳಸಿದರೆ ನಮ್ಮ ಪರದೆಯಲ್ಲಿ ಕೆಂಪು ಗುರುತು ಬೀಳುವ ವ್ಯವಸ್ಥೆ ಇತ್ತು. ಒಂದು ಬೆಳಿಗ್ಗೆ ಅವರ ಹೆಸರಿನ ಮುಂದೆ ಅದು ಬಿತ್ತು. ಒಂದೇ ಗಂಟೆಯಲ್ಲಿ ಅವರ ಕೀಲಿ ಬೆಂಗಳೂರಿನಿಂದಲೂ, ಎರಡು ಹೊರದೇಶಗಳಿಂದಲೂ ಬಂದಿತ್ತು. ಆರೋಪ ಮಾಡುವ ಮೊದಲು ಆರೋಪಿತನ ಮಾತು ಕೇಳಬೇಕು ಎಂಬುದು ಸುದ್ದಿಮನೆಯ ಶಿಸ್ತು. ಫೋನ್ ಮಾಡಿದೆ.

"ಸರ್, ತಾವು ಈಗ ಎಲ್ಲಿದ್ದೀರಿ?"

"ಬಾಲ್ಕನಿಲಿ."

"ವಿದೇಶಕ್ಕೇನಾದರೂ ಹೋಗಿದ್ದಿರಾ?"

"ಯಾಕ್ರೀ, ಟಿಕೆಟ್ ತೆಗೆಸಿಕೊಡ್ತೀರಾ?"

ಇರ್ಫಾನ್ ಆಮೇಲೆ ವಿವರಿಸಿದರು. ಕೆಲವು ಆ್ಯಪ್‌ಗಳಲ್ಲಿ ಫೋನ್ ನೇರವಾಗಿ ನಮ್ಮಲ್ಲಿಗೆ ಬರುವುದೇ ಇಲ್ಲ. ಆ ಕಂಪನಿಯ ಯಂತ್ರ ಎಲ್ಲೋ ದೂರದ ದೇಶದಿಂದ ಬಂದು, ಗಿರಾಕಿಯ ಪರವಾಗಿ ಪಟ್ಟಿ ನೋಡಿಕೊಂಡು ಹೋಗುತ್ತದೆ. ಹಾಗಾಗಿ ಬಾಲ್ಕನಿಯಲ್ಲಿ ಕೂತ ಒಬ್ಬ ಮನುಷ್ಯ ಮೂರು ದೇಶದಲ್ಲಿ ಕಾಣಬಹುದು. ಮೂವತ್ತು ಮಂದಿ ಸೇರಿ ಕೇಳಿದರೂ ಒಬ್ಬನೇ ಬಂದು ಹೋದಂತೆ ಕಾಣಬಹುದು. ಹಾಗಾದರೆ ಕೆಂಪು ಗುರುತು ಯಾಕೆ ಇಟ್ಟಿದ್ದೀರಿ ಎಂದು ಕೇಳಿದೆ. "ಇಲ್ದೆ ಇರೋದಕ್ಕಿಂತ ಪರವಾಗಿಲ್ಲ ಸರ್," ಅಂದರು. ಈ ಉತ್ತರ ನನಗೆ ಹಲವು ದಿನ ಬಗೆಹರಿಯಲಿಲ್ಲ.

ಈಗ ನಾನು ಬರೆಯಲೇಬೇಕಾದ ಪ್ರಕರಣಕ್ಕೆ ಬರುತ್ತೇನೆ.

ಕೆ.ಆರ್. ಪುರದ ಕಡೆಯ ಗಾರ್ಮೆಂಟ್ ಕಾರ್ಖಾನೆಯೊಂದರಲ್ಲಿ ಹೊಲಿದ ಬಟ್ಟೆಯ ತಪಾಸಣೆ ಮಾಡುವ ಹೆಂಗಸೊಬ್ಬರು ಒಂದು ಮಂಗಳವಾರ ನಮ್ಮಲ್ಲಿಗೆ ಮಾತನಾಡಲು ಬಂದರು. ಪುಷ್ಪಾ ಎಂದು ಕರೆಯೋಣ. ನಲವತ್ತು ದಾಟಿದವರು. ಗಂಡ ಇಲ್ಲ, ಇಬ್ಬರು ಹೆಣ್ಣುಮಕ್ಕಳು ಓದುತ್ತಿದ್ದಾರೆ. ಮೈಕಿನ ಮುಂದೆ ಕೂರುವ ಮೊದಲು ಅವರು ನನ್ನನ್ನು ಹೊರಗಿನ ಬಾಲ್ಕನಿಗೆ ಕರೆದರು.

"ಸರ್, ಇದನ್ನ ಯಾರ್ಯಾರು ಕೇಳ್ತಾರೆ?"

"ಚಂದಾ ಕೊಟ್ಟವರು ಮಾತ್ರ ಕಣಮ್ಮ."

"ನಮ್ ಫ್ಯಾಕ್ಟ್ರಿಯವರು?"

"ಅವರು ಚಂದಾದಾರರಲ್ಲ. ಒಬ್ಬೊಬ್ಬರಿಗೂ ಒಂದೊಂದು ಕೀಲಿ ಇರುತ್ತೆ. ಕೀಲಿ ಇಲ್ಲದೆ ಬಾಗಿಲು ತೆಗೆಯಲ್ಲ."

"ಗೊತ್ತಾದ್ರೆ ಗೇಟಲ್ಲೇ ನಿಲ್ಲಿಸ್ತಾರೆ ಸರ್. ಮನೇಲಿ ದುಡಿಯೋದು ನಾನೊಬ್ಳೇ. ನಿಮ್ ಮಾತ್ ನಂಬ್ಕೊಂಡು ಮಾತಾಡ್ತೀನಿ."

"ನಂಬಿ," ಎಂದೆ. ಹೆಸರು ಬದಲಿಸುತ್ತೇವೆ ಎಂದೂ, ಕಾರ್ಖಾನೆಯ ಹೆಸರು ಎಲ್ಲೂ ಬರುವುದಿಲ್ಲ ಎಂದೂ ಹೇಳಿದೆ.

ಅವರು ಹೇಳಿದ್ದರಲ್ಲಿ ನನಗೆ ಹೆಚ್ಚು ನೆನಪಿರುವುದು ಪ್ಲಾಸ್ಟಿಕ್ ಬಿಲ್ಲೆಯ ಸಂಗತಿ. ಅವರ ಲೈನಿನಲ್ಲಿ, ಅಂದರೆ ಸಾಲಾಗಿ ಕೂತು ಕೆಲಸ ಮಾಡುವ ಒಂದು ತಂಡದಲ್ಲಿ, ಶೌಚಕ್ಕೆ ಹೋಗಲು ಒಂದೇ ಬಿಲ್ಲೆ. ಅದು ಸೂಪರ್‌ವೈಸರ್ ಮೇಜಿನ ಮೇಲಿರುತ್ತದೆ. ಒಬ್ಬರು ತೆಗೆದುಕೊಂಡು ಹೋದರೆ ಅವರು ಬರುವ ತನಕ ಉಳಿದವರು ಕಾಯಬೇಕು. ಬೇಸಿಗೆಯಲ್ಲೂ ನೀರು ಕುಡಿಯದೆ ಇರುವುದನ್ನು ಹೊಸಬರಿಗೆ ಹಳಬರೇ ಕಲಿಸುತ್ತಾರಂತೆ. ಇದನ್ನೆಲ್ಲ ಅವರು ಅಳುತ್ತ ಹೇಳಲಿಲ್ಲ. ಸೂಪರ್‌ವೈಸರ್ ಬಿಲ್ಲೆ ಎತ್ತಿ ಹಿಡಿದು ಗಡಿಯಾರ ನೋಡುವುದನ್ನು ನಟಿಸಿ ತೋರಿಸಿ, ಕೊನೆಗೆ ಒಂದು ನಗೆ ನಕ್ಕರು. ಮೊದಲು ಮೂಗಿನಿಂದ ಶುರುವಾಗಿ ಆಮೇಲೆ ಇಡೀ ಕೋಣೆ ತುಂಬುವ ನಗೆ. ಒಮ್ಮೆ ಕೇಳಿದವರು ಮರೆಯುವಂಥದ್ದಲ್ಲ. ಸಂಕಲನ ಮಾಡುವಾಗ ಅದನ್ನು ಉಳಿಸಿ ಎಂದವನು ನಾನೇ. ಹೆಸರು ಬದಲಿಸಿದೆವು. ದನಿ ಬದಲಿಸಲಿಲ್ಲ. ಬದಲಿಸಬೇಕೆಂದು ಯಾರಿಗೂ ಹೊಳೆಯಲೂ ಇಲ್ಲ. ಪತ್ರಿಕೆಯಲ್ಲಿ ಹೆಸರು ಬದಲಿಸಿದರೆ ಮನುಷ್ಯ ಮರೆಯಾಗುತ್ತಾನೆ. ನನ್ನ ಅಭ್ಯಾಸ ಅಲ್ಲಿಗೇ ನಿಂತಿತ್ತು.

ಈ ಧ್ವನಿಮುದ್ರಣಕ್ಕೂ ಸಂಚಿಕೆ ಹೊರಬಂದದ್ದಕ್ಕೂ ನಡುವೆ ನಾನು ಮಾಡಿದ ಒಂದು ಕೆಲಸವನ್ನು ಇಲ್ಲಿ ದಾಖಲಿಸಬೇಕು. ಕೆಲವು ಫೋನ್‌ಗಳಲ್ಲಿ ನಮ್ಮ ವಿವರಣೆ ಅರ್ಧಕ್ಕೇ ಕತ್ತರಿಸಿಹೋಗುತ್ತಿದೆ ಎಂಬ ದೂರುಗಳಿದ್ದವು. ಅನಿತಾ, "ಸರ್, ಫೀಡ್‌ನ ಮೇಲ್ಭಾಗದಲ್ಲಿರೋ ಮ್ಯಾಟರ್ ಸ್ವಲ್ಪ ಟ್ರಿಮ್ ಮಾಡ್ತೀರಾ? ನಿಮ್ಮಷ್ಟು ಚೆನ್ನಾಗಿ ಯಾರೂ ಮಾಡಲ್ಲ," ಎಂದರು. ಇರ್ಫಾನ್ ತಂಗಿಯ ಮದುವೆಗೆಂದು ರಜೆಯಲ್ಲಿದ್ದರು. ಎಲ್ಲ ಚಂದಾದಾರರ ಫೀಡ್‌ಗೂ ಅಚ್ಚಿನಂತಿದ್ದ ಒಂದು ಕಡತವನ್ನು ತೆರೆದೆ. ಅದು ಬರೀ ಅಕ್ಷರ, ನನಗೆ ಭಯವಾಗಲಿಲ್ಲ. ಶೀರ್ಷಿಕೆ, ವಿವರಣೆ, ಹಕ್ಕುಸ್ವಾಮ್ಯ, ನಡುವೆ ಕೆಲವು ಇಂಗ್ಲಿಷ್ ಸಾಲುಗಳು. ಒಂದೊಂದನ್ನೇ ತೆಗೆದು ನನ್ನ ಫೋನ್‌ನಲ್ಲಿ ನೋಡಿದೆ. ತೆಗೆದಾಗ ಏನಾದರೂ ಮಾಯವಾದರೆ ಮತ್ತೆ ಹಾಕಿದೆ. ಏನೂ ವ್ಯತ್ಯಾಸ ಕಾಣದಿದ್ದರೆ ತೆಗೆದುಬಿಟ್ಟೆ. ಓದುಗನಿಗೆ ಬೇಡದ ಸಾಲು ಪುಟದಲ್ಲಿ ಇರಬಾರದು ಎಂಬುದು ನಾನು ಒಂದಿಡೀ ವೃತ್ತಿಜೀವನ ಪಾಲಿಸಿದ ನಿಯಮ. ಕೆಲಸ ಮುಗಿದಾಗ ಕಡತ ಚೊಕ್ಕವಾಗಿತ್ತು. ಅನಿತಾ ಮೆಚ್ಚಿದರು. ನನಗೂ ಖುಷಿಯಾಯಿತು.

ಪುಷ್ಪಾ ಅವರ ಸಂಚಿಕೆ ಹೊರಬಂದು ಮೂರನೆಯ ವಾರವಿರಬೇಕು. ಮಧ್ಯಾಹ್ನ ಊಟದ ಡಬ್ಬಿ ತೆರೆಯುತ್ತಿದ್ದಾಗ ಅವರ ಫೋನ್ ಬಂತು. ಹಿಂದೆ ಯಂತ್ರಗಳ ಸದ್ದಿತ್ತು. ಅವರು ಪಿಸುಗುಟ್ಟುತ್ತಿದ್ದರು.

"ಸರ್, ನನ್ ದನಿ ಮಂಜುಳಾ ಫೋನಲ್ಲಿ ಬರ್ತಾ ಇದೆ."

"ಮಂಜುಳಾ ಯಾರಮ್ಮ?"

"ನಮ್ ಲೈನವಳೇ ಸರ್. ನನ್ ಪಕ್ಕದ ಟೇಬಲ್. ಅವಳು ಚಂದಾ ಗಿಂದಾ ಏನೂ ಕಟ್ಟಿಲ್ಲ. ಸುಮ್ನೆ ಗಾರ್ಮೆಂಟ್ ಅಂತ ಹುಡುಕಿದ್ಳಂತೆ, ಬಂದ್ಬಿಡ್ತಂತೆ. ಬಾಗ್ಲು ತೆಗಿಯಲ್ಲ ಅಂದಿದ್ರಲ್ಲ ಸರ್ ನೀವು?"

ನೋಡುತ್ತೇನೆ ಎಂದೆ. "ಬೇಗ ನೋಡಿ," ಎಂದು ಅವರು ಫೋನ್ ಇಟ್ಟರು.

ಅಷ್ಟರಲ್ಲಿ ರಜೆ ಮುಗಿಸಿ ಬಂದಿದ್ದ ಇರ್ಫಾನ್ ತಮ್ಮ ಫೋನ್‌ನಲ್ಲಿ ಹುಡುಕಿದರು. ಹೆಚ್ಚು ಬಳಕೆಯಲ್ಲಿಲ್ಲದ ಒಂದು ಆ್ಯಪ್‌ನಲ್ಲಿ ನಮ್ಮ ಸರಣಿ, ಎಲ್ಲ ಸಂಚಿಕೆಗಳ ಸಮೇತ, ಯಾರು ಬೇಕಾದರೂ ಕೇಳಬಹುದಾದ ಪಾಡ್‌ಕಾಸ್ಟ್‌ಗಳ ನಡುವೆ ಕೂತಿತ್ತು. ಅದರ ಒಡಲಲ್ಲಿದ್ದ ಲಿಂಕ್ ನೋಡಿದರೆ ಯಾರ ಕೀಲಿ ಎಂಬುದೂ ಗೊತ್ತಾಯಿತು. ಶ್ರೀಕಂಠಯ್ಯನವರದು. ಅವರ ಹೆಸರಿನ ಮುಂದೆ ಕೆಂಪು ಗುರುತು ಆಗಲೂ ಇತ್ತು. ಅವರ ಜೊತೆಗಿನ ಆ ಫೋನ್ ಮಾತುಕತೆಯ ನಂತರ ನಾನು ಅದನ್ನು ನೋಡುವುದನ್ನೇ ಬಿಟ್ಟಿದ್ದೆ.

"ಆದ್ರೆ ಇದು ಲಿಸ್ಟ್ ಹೇಗಾಯ್ತು?" ಎಂದು ಇರ್ಫಾನ್ ಕಡತ ತೆರೆದರು. ಸ್ವಲ್ಪ ಹೊತ್ತು ಮೇಲೆ ಕೆಳಗೆ ನೋಡಿದರು. "ಇಲ್ಲೊಂದು ಲೈನ್ ಇತ್ತಲ್ಲ. ಯಾರ್ ತೆಗ್ದಿದ್ದು?"

"ಯಾವ ಸಾಲು?"

"ಇದನ್ನ ಪಬ್ಲಿಕ್ ಸರ್ಚಲ್ಲಿ ತೋರಿಸ್ಬೇಡಿ ಅಂತ ಆ್ಯಪ್‌ಗಳಿಗೆ ಹೇಳೋ ಲೈನ್ ಸರ್. ಅದಿಲ್ದಿದ್ರೆ ಒಬ್ರು ಅಂಟಿಸಿದ ಲಿಂಕನ್ನ ಕೆಲವು ಆ್ಯಪ್ ಎಲ್ಲಾರ್ಗೂ ತೋರಿಸ್ಬಿಡುತ್ತೆ."

"ನಾನೇ ತೆಗೆದೆ."

ಅವರು ಕುರ್ಚಿ ತಿರುಗಿಸಿ ನನ್ನನ್ನು ನೋಡಿದರು. "ಯಾಕ್ ಸರ್?"

"ಅದು ಇದ್ದರೂ ಇಲ್ಲದಿದ್ದರೂ ಒಂದೇ ಥರ ಕಾಣ್ತಿತ್ತು. ಓದುಗನಿಗೆ ಬೇಕಿರಲಿಲ್ಲ."

"ಓದೋರಿಗಲ್ಲ ಸರ್ ಅದು, ಮಿಷನ್‌ಗೆ."

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಅಂಥ ಕಡತವನ್ನು ನನ್ನ ಕೈಗೆ ಸಿಗುವಂತೆ ಇಟ್ಟದ್ದು ತಮ್ಮದೇ ತಪ್ಪು ಎಂದು ಎರಡು ಬಾರಿ ಹೇಳಿದರು. ನನಗೆ ಅರ್ಥವಾಗದೆ ಉಳಿದದ್ದು ಬೇರೆ. ಆ ಸಾಲು ಬೀಗವೇನೂ ಅಲ್ಲ. ತೋರಿಸಬೇಡಿ ಎಂಬ ಕೋರಿಕೆ ಅಷ್ಟೇ. ಆ್ಯಪ್‌ನವರು ಮರ್ಯಾದೆಯಿಂದ ಪಾಲಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನಾನು ಪುಷ್ಪಾ ಅವರಿಗೆ ಬಾಗಿಲು, ಕೀಲಿ ಎಂದೆಲ್ಲ ಹೇಳಿದ್ದೆ. ಆ ಬಾಗಿಲಿನ ಒಂದು ಭಾಗ ಬರೀ ವಿನಂತಿಯಾಗಿತ್ತು ಎಂಬುದು ಅದನ್ನು ಕಿತ್ತುಹಾಕಿದ ಮೇಲೆ ನನಗೆ ತಿಳಿಯಿತು.

ಅನಿತಾ ಅವರ ಕೋಣೆಯಲ್ಲಿ ಮೂವರೂ ಕೂತೆವು. ಶ್ರೀಕಂಠಯ್ಯನವರ ಕೀಲಿ ರದ್ದು ಮಾಡುವುದರಲ್ಲಿ ಎರಡು ಮಾತಿರಲಿಲ್ಲ. ಇರ್ಫಾನ್ ಅಷ್ಟಕ್ಕೆ ಒಪ್ಪಲಿಲ್ಲ.

"ಆ ಲೈನ್ ಎಲ್ಲಾರ ಫೀಡಿಂದಾನೂ ಹೋಗಿತ್ತು ಮೇಡಂ. ಇನ್ಯಾರ್ದು ಎಲ್ಲೆಲ್ಲಿ ಲಿಸ್ಟ್ ಆಗಿದ್ಯೋ ನಮ್ಗೇನ್ ಗೊತ್ತು? ಎಲ್ಲಾ ಕೀಲಿ ಚೇಂಜ್ ಮಾಡ್ಬೇಕು."

"ಎಲ್ಲರದೂ?" ಅನಿತಾ ಹಣೆ ಒತ್ತಿಕೊಂಡರು. "ನಮ್ಮ ಅರ್ಧಕ್ಕರ್ಧ ಜನಕ್ಕೆ ಲಿಂಕ್ ಅಂಟಿಸಿಕೊಟ್ಟಿದ್ದೇ ಅವರ ಮೊಮ್ಮಕ್ಕಳು ಇರ್ಫಾನ್. ಇನ್ನೊಂದ್ಸಲ ಅಂಟಿಸಿ ಅಂದ್ರೆ ಬಿಟ್ಟೇ ಹೋಗ್ತಾರೆ." ನನ್ನತ್ತ ತಿರುಗಿದರು. "ಸರ್, ನೀವು ಹೇಳಿ. ಆಕೆ ಕೆಲಸ ಹೋಗುತ್ತೆ ಅಂತ ಖಾತ್ರಿ ಇದ್ಯಾ?"

"ಇಲ್ಲ."

"ಹೋಗಲ್ಲ ಅಂತ?"

"ಅದೂ ಇಲ್ಲ. ನಾನು ಮಾತು ಕೊಟ್ಟಿದ್ದೆ ಅನ್ನೋದಷ್ಟೇ ಖಾತ್ರಿ."

ಅವರು ಕಿಟಕಿಯ ಹೊರಗೆ ನೋಡಿದರು. ಕೆಳಗೆ ಯಾವುದೋ ನಾಯಿ ಸ್ನಾನ ಬೇಡವೆಂದು ಬೊಬ್ಬೆ ಹೊಡೆಯುತ್ತಿತ್ತು. "ಚೇಂಜ್ ಮಾಡಿ," ಎಂದರು. ನಾನು ಕಂಡ ಮೇಲಧಿಕಾರಿಗಳಲ್ಲಿ ಇಷ್ಟು ನಷ್ಟದ ತೀರ್ಮಾನವನ್ನು ಇಷ್ಟು ಬೇಗ ತೆಗೆದುಕೊಂಡವರು ಇನ್ನೊಬ್ಬರಿಲ್ಲ. ಸರಿಯಾದ ತೀರ್ಮಾನವೇ ಎಂದು ಆಗ ಕೇಳಿದ್ದರೆ ನನಗೆ ಹೇಳಲಾಗುತ್ತಿರಲಿಲ್ಲ.

ಆ ಆ್ಯಪ್‌ನವರಿಗೆ ಬರೆದೆವು. ಅವರ ಯಂತ್ರ ವಂದನೆ ತಿಳಿಸಿ ಉತ್ತರ ಬರೆಯಿತು. ಪಟ್ಟಿಯಿಂದ ತೆಗೆಯಲು ಎರಡು ದಿನ ಹಿಡಿಯಿತು. ನಾನು ತೆಗೆದಿದ್ದ ಸಾಲನ್ನು ಇರ್ಫಾನ್ ಮತ್ತೆ ಹಾಕಿ, ಕಡತಕ್ಕೆ ನನ್ನ ಕೈ ತಾಗದಂತೆ ಮಾಡಿದರು, ನಾನೇ ಕೇಳಿಕೊಂಡಿದ್ದೆ. ಪುಷ್ಪಾ ಅವರ ಸಂಚಿಕೆಯನ್ನು ಏನು ಮಾಡುವುದು ಎಂಬಲ್ಲಿ ಮತ್ತೆ ಗೊಂದಲ.

"ಫೈಲ್ ಅಲ್ಲೇ ಇರ್ಲಿ ಸರ್, ಒಳಗಡೆ ಆಡಿಯೋ ಮಾತ್ರ ಖಾಲಿ ಮಾಡ್ಬಿಡೋಣ," ಎಂದರು ಇರ್ಫಾನ್. "ಇನ್ಮೇಲೆ ಯಾರ್ ಪ್ಲೇ ಮಾಡಿದ್ರೂ ಏನೂ ಕೇಳ್ಸಲ್ಲ."

ಪ್ರಕಟವಾದದ್ದನ್ನು ಸದ್ದಿಲ್ಲದೆ ಅಳಿಸುವುದು! ಸುದ್ದಿಮನೆಯಲ್ಲಿ ಇದಕ್ಕಿಂತ ದೊಡ್ಡ ಅಪರಾಧ ಇರಲಿಲ್ಲ. ಪತ್ರಿಕೆಯ ಹಳೆಯ ಸಂಚಿಕೆ ಗ್ರಂಥಾಲಯದಲ್ಲಿ ತಪ್ಪಿನ ಸಮೇತ ಇರುತ್ತದೆ. ತಿದ್ದುಪಡಿ ಮರುದಿನ ಬೇರೆಯಾಗಿ ಬರುತ್ತದೆ. ನಾನು ಒಂದು ಗಂಟೆ ವಾದ ಮಾಡಿದೆ. ಆಮೇಲೆ, ಅಳಿಸಿ ಎಂದೆ. ಅಳಿಸಿದರು. ಆದರೂ ಈಗಾಗಲೇ ಫೋನ್‌ಗಳಿಗೆ ಇಳಿದಿದ್ದ ಪ್ರತಿಗಳು ಹಾಗೇ ಉಳಿದವು. ಅವನ್ನು ಯಾರೂ ಏನೂ ಮಾಡುವಂತಿರಲಿಲ್ಲ. ಹಾಗೆ, ಬೇಡದ ಜಾಗದಲ್ಲಿ ಅದು ಉಳಿಯಿತು, ಇರಬೇಕಾದ ಜಾಗದಲ್ಲಿ ಅಳಿಯಿತು.

ಕೀಲಿ ರದ್ದಾದ ಮರುದಿನ ಬೆಳಿಗ್ಗೆಯೇ ಶ್ರೀಕಂಠಯ್ಯನವರ ಫೋನ್.

"ಏನ್ರೀ ಮೂರ್ತಿ, ನನ್ನ ಲಿಂಕ್ ಕಟ್ ಮಾಡಿದ್ದೀರಂತೆ?"

"ಸರ್, ತಾವು ಅದನ್ನ ಬೇರೆಯವರಿಗೆ ಕೊಟ್ಟಿದ್ದಿರಾ?"

"ನಮ್ಮ ವಾಕಿಂಗ್ ಗ್ರೂಪಿಗೆ ಹಾಕಿದ್ದೆ. ಅದರಲ್ಲೇನು? ಅವರಲ್ಲಿ ಯಾರೋ ಒಬ್ರು ಯಾವುದೋ ಆ್ಯಪಲ್ಲಿ ಹಾಕ್ಕೊಂಡ್ರು. ಚೆನ್ನಾಗಿದೆ, ಕೇಳ್ರಯ್ಯಾ ಅಂತ ನಾನೇ ಹೇಳಿದ್ದೆ. ನಿಮ್ಮ ಪ್ರಚಾರಾನೇ ಮಾಡಿದ್ದು ನಾನು."

"ಅದು ನಿಮ್ಮೊಬ್ಬರಿಗೆ ಅಂತ ಕೊಟ್ಟ ಕೀಲಿ ಸರ್."

"ನಾನೇನು ಕಳ್ಳನೇನ್ರೀ? ಪೇಪರ್ ತರಿಸ್ತೀನಿ, ಪಕ್ಕದ ಮನೆಯೋರು ಓದ್ತಾರೆ, ಎದುರು ಮನೆಯೋರು ಓದ್ತಾರೆ, ಕೊನೆಗೆ ಕೆಲಸದವಳು ಒಯ್ದು ಶೆಲ್ಫಿಗೆ ಹಾಸ್ತಾಳೆ. ನೀವು ಪೇಪರಲ್ಲಿದ್ದಾಗ ಯಾವತ್ತಾದ್ರೂ ಬಂದು ಬೇಡ ಅಂದಿದ್ರಾ?"

ಅಂದಿರಲಿಲ್ಲ. ಒಂದು ಪ್ರತಿಯನ್ನು ಎಷ್ಟು ಜನ ಓದುತ್ತಾರೆ ಎಂಬುದು ನಮ್ಮ ಪ್ರಸಾರ ವಿಭಾಗದವರು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ ಸಂಗತಿ. ಅದೇ ಕೆಲಸ ಇಲ್ಲಿ ಸೋರಿಕೆ. ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ಹೋದರೆ ನನಗೆ ಸಿಗಲಿಲ್ಲ. ಕೆ.ಆರ್. ಪುರದಲ್ಲಿ ಒಬ್ಬ ಹೆಂಗಸಿನ ಅನ್ನಕ್ಕೆ ಅದರಿಂದ ಕುತ್ತು ಬಂದಿರುವುದೂ ಸುಳ್ಳಲ್ಲ. ಆ ವಿಷಯ ಅವರಿಗೆ ಹೇಳುವಂತೆಯೂ ಇರಲಿಲ್ಲ. ಹೊಸ ಕೀಲಿ ಕಳಿಸುತ್ತೇನೆ, ದಯವಿಟ್ಟು ಯಾರಿಗೂ ಕೊಡಬೇಡಿ ಎಂದೆ. "ಕೊಡಲ್ಲ ಬಿಡಿ. ಇನ್ಮೇಲೆ ಕಿವಿಗೆ ಹಾಕ್ಕೊಂಡು ಒಬ್ನೇ ನಗ್ತಾ ಕೂತಿರ್ತೀನಿ," ಎಂದು ಇಟ್ಟುಬಿಟ್ಟರು.

ಪುಷ್ಪಾ ಅವರಿಗೆ ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ಎತ್ತುತ್ತಿರಲಿಲ್ಲ. ಎಂಟನೆಯ ದಿನ ಒಂದು ಸಂದೇಶ ಬಂತು: ನಾಳೆ ಬೆಳಿಗ್ಗೆ ಶಿಫ್ಟ್‌ಗೆ ಮುಂಚೆ ಸ್ಟೇಷನ್ ಹತ್ತಿರದ ಬೇಕರಿಗೆ ಬನ್ನಿ.

ನಾನು ಸಿದ್ಧನಾಗಿ ಹೋದೆ. ಸಿದ್ಧತೆ ಎಂದರೆ ಒಂದು ಹಾಳೆ. ಮುಂದಿನ ಸಂಚಿಕೆಯ ಆರಂಭದಲ್ಲಿ ಓದಬೇಕೆಂದು ನಾನೇ ಬರೆದಿದ್ದ ತಿದ್ದುಪಡಿ. ಕಾರ್ಖಾನೆಯ ಕೆಲಸದ ಬಗೆಗಿನ ನಮ್ಮ ಸಂಚಿಕೆ ನಮ್ಮದೇ ತಪ್ಪಿನಿಂದ ಚಂದಾದಾರರಲ್ಲದವರಿಗೂ ಸಿಕ್ಕಿತ್ತು, ಅದರಲ್ಲಿ ಮಾತನಾಡಿದವರಿಗೆ ಆದ ತೊಂದರೆಗೆ ವಿಷಾದಿಸುತ್ತೇವೆ ಎಂಬುದು ಅದರ ಸಾರ. ಚೊಕ್ಕವಾದ ನಾಲ್ಕು ವಾಕ್ಯ. ಅನಿತಾ ಒಪ್ಪಿದ್ದರು. ತಪ್ಪು ಮಾಡಿದರೆ ಮಾಡಿದೆವೆಂದು ಎಲ್ಲರ ಮುಂದೆ ಹೇಳಬೇಕು. ನನ್ನ ವೃತ್ತಿಯಲ್ಲಿ ನನಗೆ ಸಂಶಯವೇ ಇರದಿದ್ದ ಒಂದು ವಿಷಯವಿದ್ದರೆ ಅದು.

ಬೇಕರಿಯ ಮುಂದೆ ಇಬ್ಬರು ನಿಂತಿದ್ದರು. ಪುಷ್ಪಾ ಕತ್ತಿಗೆ ಒಂದು ಹತ್ತಿ ಬಟ್ಟೆ ಸುತ್ತಿಕೊಂಡಿದ್ದರು. ಜೊತೆಗಿದ್ದವರು ಅವರಿಗಿಂತ ಚಿಕ್ಕ ವಯಸ್ಸಿನವರು.

"ನಾನೇ ಸರ್ ಮಂಜುಳಾ. ಕಳ್ಳಿ," ಎಂದರು ನಗುತ್ತಾ. "ಚಂದಾ ಕಟ್ದೆ ಕೇಳಿದೋಳು."

ಟೀ ತೆಗೆದುಕೊಂಡೆವು. ಮುಂದಿನದು ಅವರು ಹೇಳಿ ನಾನು ಕೇಳಿದ್ದು. ಮಂಜುಳಾ ಮೊದಲ ದಿನವೇ ದನಿ ಗುರುತು ಹಿಡಿದಿದ್ದರು. ನಗು ಬಂದ ತಕ್ಷಣ. ಊಟದ ಹೊತ್ತಿಗೆ ಲೈನಿನ ಹೆಂಗಸರೆಲ್ಲ ಗುಂಪಾಗಿ ಕೂತು ಕೇಳಿದರು. ಅದು ಹೇಗೋ ಸೂಪರ್‌ವೈಸರ್‌ಗೂ ತಲುಪಿತು. ಅವನು ಮರುದಿನ ತನ್ನ ಫೋನ್‌ನಲ್ಲಿ ಅದನ್ನು ಹಾಕಿ, ಲೈನಿನ ತುದಿಯಿಂದ ತುದಿಗೆ ನಡೆಯುತ್ತಾ, ಇದು ಯಾರ ದನಿ ಎಂದು ಕೇಳಿದ.

"ಆಮೇಲೆ?"

"ಆಮೇಲೇನು ಸರ್, ಯಾರ್ಗೂ ಗೊತ್ತಾಗ್ಲಿಲ್ಲ," ಎಂದರು ಮಂಜುಳಾ. "ನನ್ ಹತ್ರ ಬಂದು ಕೇಳ್ದ. ರೇಡಿಯೋದವ್ರ ದನಿ ಎಲ್ಲಾ ಒಂದೇ ಥರ ಇರುತ್ತೆ ಸರ್ ಅಂದೆ. ನಮ್ ಲೈನಲ್ಲೇ ಇರೋ ಅಂಬಿಕಕ್ಕ ಒಂದ್ ಹೆಜ್ಜೆ ಮುಂದೆ ಹೋದ್ರು. ಇದು ಮೈಸೂರು ಕಡೆಯೋರ ಮಾತಲ್ವಾ ಸಾರ್, ನಮ್ಮೋರಲ್ಲ ಅಂದ್ರು."

"ಪುಷ್ಪಾ ಅವರನ್ನೂ ಕೇಳಿದನಾ?"

ಉತ್ತರ ಕೊಟ್ಟದ್ದು ಮಂಜುಳಾ ಅವರೇ. "ಅಕ್ಕ ಅವತ್ತು ಬೆಳಿಗ್ಗೆಯಿಂದಾನೇ ಮಾತಾಡ್ತಿರ್ಲಿಲ್ಲ ಸರ್. ಗಂಟಲು ಕಟ್ಟಿದೆ ಅಂತ ಬಟ್ಟೆ ಸುತ್ಕೊಂಡು ಬಂದಿದ್ರು. ಅವ್ನು ಕೇಳ್ದಾಗ ಗಂಟಲು ತೋರ್ಸಿ ಸುಮ್ನಾದ್ರು."

ನಾನು ಪುಷ್ಪಾ ಅವರತ್ತ ನೋಡಿದೆ. "ಇವತ್ತಿಗೂನಾ?"

"ಇವತ್ತಿಗೂ," ಎಂದರು ಅವರು. ಅವರ ದನಿ ಚೆನ್ನಾಗಿಯೇ ಇತ್ತು. "ಅವ್ನಿಗಿನ್ನೂ ಡೌಟಿದೆ ಸರ್. ಮಾತಾಡ್ಸಕ್ಕೆ ನೋಡ್ತಾನೆ. ಒಳಗಡೆ ಸನ್ನೇಲೇ ಎಲ್ಲಾ. ನಗೋದಂತೂ ಇಲ್ವೇ ಇಲ್ಲ."

ಟೀ ಲೋಟ ಹಿಡಿದು ನಾನು ಲೆಕ್ಕ ಹಾಕಲು ನೋಡಿದೆ. ಕೀಲಿ ಇದ್ದವರ ಕೈಯಿಂದ ಅದು ಹೊರಬಿತ್ತು. ಕಾವಲಿಗಿದ್ದ ಸಾಲನ್ನು ಕಾವಲುಗಾರನಾದ ನಾನೇ ಅಳಿಸಿದೆ. ಅನಧಿಕೃತ ಕೇಳುಗರು ಎಂದು ನಮ್ಮ ಕಚೇರಿಯ ವರದಿಯಲ್ಲಿ ನಾನು ಬರೆದಿದ್ದ ಹೆಂಗಸರು ಅದನ್ನು ಬಾಯಿ ಬಿಡದೆ ಕಾಪಾಡಿದರು. ಇದನ್ನು ಯಾವ ಕ್ರಮದಲ್ಲಿ ಬರೆದರೂ ಅರ್ಥವಾಗುವ ಒಂದು ವರದಿಯಾಗುವುದಿಲ್ಲ.

ಜೇಬಿನಿಂದ ಹಾಳೆ ತೆಗೆದು ಪುಷ್ಪಾ ಅವರಿಗೆ ಕೊಟ್ಟೆ. "ಮುಂದಿನ ವಾರ ಇದನ್ನ ಓದಿಸ್ತೀವಿ ಕಣಮ್ಮ. ತಪ್ಪು ನಮ್ಮದು ಅಂತ ಎಲ್ಲರಿಗೂ ಗೊತ್ತಾಗಬೇಕು."

ಅವರು ನಿಧಾನವಾಗಿ ಓದಿದರು. ಮತ್ತೊಮ್ಮೆ ಓದಿದರು. ಮಂಜುಳಾ ಅವರ ಭುಜದ ಮೇಲಿನಿಂದ ಇಣುಕಿದರು.

"ಚೆನ್ನಾಗ್ ಬರ್ದಿದ್ದೀರ," ಎಂದರು ಪುಷ್ಪಾ. "ಆದ್ರೆ ಬೇಡ ಸರ್."

"ಯಾಕಮ್ಮ?"

"ತಪ್ಪಾಯ್ತು ಅಂತ ನೀವು ಹೇಳಿದ್ರೆ, ಮಾತಾಡಿದೋಳು ನಿಜವಾಗ್ಲೂ ಎಲ್ಲೋ ಒಂದ್ ಲೈನಲ್ಲಿ ಇದಾಳೆ ಅಂತ ಆಗುತ್ತಲ್ಲ. ಈಗ ಅವ್ನಿಗೆ ಬರೀ ಡೌಟು. ಆಮೇಲೆ ಹುಡುಕ್ತಾನೆ."

"ಹಾಗಂತ ತಪ್ಪನ್ನ ಮುಚ್ಚಿಡೋದು..."

"ನಿಮ್ಗೆ ಮನಸ್ಸು ಹಗುರ ಆಗ್ಬೇಕು ಅಂತ ಇದ್ರೆ ನನ್ ಹತ್ರ ಹೇಳಿ ಸರ್. ಹೇಳಿದ್ರಲ್ಲ, ಆಯ್ತು. ರೇಡಿಯೋದಲ್ಲಿ ಬೇಡ."

ನಮ್ಮದು ರೇಡಿಯೋ ಅಲ್ಲ ಎಂದು ತಿ‌ದ್ದಲು ಹೊರಟವನು ಅದನ್ನು ಅಲ್ಲಿಗೇ ಬಿಟ್ಟೆ. ಸರಿ ಎಂದು ಹಾಳೆ ಮಡಚಿ ಜೇಬಿಗಿಡಲು ಹೋದೆ.

"ಹರೀರಿ ಸರ್."

"ಇದು ಕಚೇರಿ ಕಡತಕ್ಕೆ..."

"ಹರೀರಿ."

ಹರಿದೆ. ಎರಡಾಗಿ, ನಾಲ್ಕಾಗಿ, ಎಂಟಾಗಿ. ಅವರು ಅಂಗೈ ಚಾಚಿದರು.

"ನಾನೇ ಬಿಸಾಕ್ತೀನಿ, ಅಲ್ಲೇ ಡಬ್ಬ ಇದೆ," ಎಂದೆ.

"ಬೇಡ, ಇಲ್ಲಿ ಕೊಡಿ. ನಿಮ್ ಹತ್ರ ಇದ್ರೆ ಎಲ್ಲಿಗೋ ಹೋಗ್ಬಿಡುತ್ತೆ."

ಸಿಟ್ಟಿನಿಂದ ಹೇಳಿದ ಮಾತಾಗಿರಲಿಲ್ಲ. ಗೊತ್ತಿರುವ ಒಂದು ಸಂಗತಿಯನ್ನು ಹೇಳುವ ಹಾಗೆ ಹೇಳಿದರು. ಚೂರುಗಳನ್ನು ಅವರ ಕೈಗೆ ಹಾಕಿದೆ. ಒಂದು ಕೆಳಗೆ ಬಿತ್ತು. ಅದನ್ನೂ ಹೆಕ್ಕಿ ಕೊಟ್ಟೆ. ಅವರು ಎಲ್ಲವನ್ನೂ ಟಿಫನ್ ಚೀಲದೊಳಗೆ ಡಬ್ಬಿಯ ಪಕ್ಕ ತುರುಕಿ ಜಿಪ್ ಎಳೆದರು.

ಕಾರ್ಖಾನೆಯ ಬಸ್ ಬಂದು ನಿಂತಿತು. ಮಂಜುಳಾ ಮೊದಲು ಹತ್ತಿದರು. ಪುಷ್ಪಾ ಕತ್ತಿನ ಬಟ್ಟೆಯನ್ನು ಸರಿಮಾಡಿಕೊಂಡು ಮೆಟ್ಟಿಲ ಮೇಲೆ ಕಾಲಿಟ್ಟಾಗ ಬಾಗಿಲ ಬಳಿ ಕೂತಿದ್ದ ಯಾರೋ ಅವರನ್ನು ಏನೋ ಕೇಳಿದರು. ಅವರು ಎರಡು ಬೆರಳಿನಿಂದ ಗಂಟಲು ಮುಟ್ಟಿ ತೋರಿಸಿ, ಇಲ್ಲವೆಂದು ತಲೆಯಾಡಿಸಿ, ಒಳಗೆ ಹೋದರು.